ಸಜ್ಜಾದ ಕೆಳಗಿನ ಗೋಡೆ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಅವ್ವ ಜಾರಿ ಬಿದ್ದದ್ದು ಬಚ್ಚಲಲ್ಲೋ ಹಿತ್ತಲ ಮೆಟ್ಟಿಲ ಮೇಲೋ, ಮನೆಯ ಕಿಟಕಿಗಳಿಗೆ ಮೊದಲು ಇದ್ದದ್ದು ಹಸಿರು ಬಣ್ಣವೋ ನೀಲಿಯೋ, ಲಾರಿಗಳ ಕಾಲ ಐದು ವರ್ಷವೋ ಎಂಟು ವರ್ಷವೋ, ಇವನ್ನೆಲ್ಲ ನಾನು ಆಣೆ ಮಾಡಿ ಹೇಳಲಾರೆ. ಹಿಂದಾದರೆ ಹೇಳುತ್ತಿದ್ದೆ. ಇತಿಹಾಸ ಓದಿದವಳು, ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದವಳು. ನನ್ನ ನೆನಪು ಮನೆಯ ಉಳಿದವರದ್ದಕ್ಕಿಂತ ಗಟ್ಟಿ ಎಂದು ನಂಬಿದ್ದೆ. ಈ ವರ್ಷ ಮನೆ ಮಾರಲು ಹೊರಟಾಗ ನಾಲ್ಕು ಜನರೆದುರು ಖಾತ್ರಿಯಿಂದ ಆಡಿದ ಒಂದು ಮಾತು ಅದೇ ದಿನ ಸಂಜೆಗೆ ಸುಳ್ಳಾಯಿತು. ಬೇಕೆಂದು ಸುಳ್ಳು ಹೇಳಿದ್ದಲ್ಲ. ನನಗೆ ಹಾಗೆಯೇ ನೆನಪಿತ್ತು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮನೆ ಇರುವುದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಕಟ್ಟಿಸಿದ್ದು. ಅಪ್ಪ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಆಮೇಲೆ ಅವ್ವನೂ ಹೋದಳು. ಆನಂತರ ಒಂದಾದ ಮೇಲೊಂದು ಎರಡು ಸಂಸಾರ ಬಾಡಿಗೆಗೆ ಇದ್ದು ಹೋದವು. ನಾನು ದೋಣಿಮಲೈಯಲ್ಲಿ ಇರುವವಳು. ಗಂಡನಿಗೆ ಗಣಿಯಲ್ಲಿ ನೌಕರಿ, ವಾಸ ಕ್ವಾರ್ಟರ್ಸಿನಲ್ಲಿ. ಅಣ್ಣನಿಗೆ ಸಂಡೂರಿನಲ್ಲಿ ಬಟ್ಟೆ ಅಂಗಡಿ. ಈ ವರ್ಷ ಗಂಡನಿಗೆ ನಿವೃತ್ತಿ. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಸಂಡೂರಿನಲ್ಲಿ ಒಂದು ಸಣ್ಣ ಮನೆ ನೋಡಿಟ್ಟಿದ್ದೆವು. ಚಿತ್ತವಾಡ್ಗಿಯದು ಮಾರಿದರಷ್ಟೇ ಅದು ನಮ್ಮದಾಗುವುದು.

"ಅಷ್ಟು ದೊಡ್ಡ ಮನಿ ಇಟ್ಕೊಂಡು ಮತ್ತೊಂದ್ಯಾಕ ತಗೊಂತೀರಿ? ಅಲ್ಲೇ ಹೋಗಿ ಇರ್ರಲ್ಲ" ಎಂದು ಪಕ್ಕದ ಕ್ವಾರ್ಟರ್ಸಿನಾಕೆ ಕೇಳಿದಳು.

"ಅಣ್ಣನ ಪಾಲೂ ಐತಿ ಅದ್ರಾಗ" ಎಂದೆ. ಅದು ನಿಜ. ಪೂರ್ತಿ ಉತ್ತರ ಅದೇ ಹೌದೋ ಅಲ್ಲವೋ ಆಗ ಯೋಚಿಸಲಿಲ್ಲ.

ಮೊದಲು ಮನೆ ನೋಡಲು ಬಂದವರು ಯಶವಂತನಗರದ ಗಂಡ ಹೆಂಡತಿ. ಆತ ಗಣಿ ಆಫೀಸಿನಲ್ಲಿ, ಆಕೆ ಶಾಲೆಯ ಟೀಚರು. ಆಕೆಗೆ ಹೊಸಪೇಟೆಗೆ ವರ್ಗವಾಗಿತ್ತು. ಬೀಗ ತೆಗೆದು ಒಳಗೆ ಕರೆದುಕೊಂಡು ಹೋದೆವು. ಟೀಚರು ಪಡಸಾಲೆಯಲ್ಲಿ ನಿಂತು ಸುತ್ತ ನೋಡಿ, ಒಂದು ಕಿಟಕಿಯ ಚಿಲಕ ಎಳೆದಳು. ಬರಲಿಲ್ಲ. ಪಕ್ಕದ್ದನ್ನು ಎಳೆದಳು. ಅದೂ ಬರಲಿಲ್ಲ.

"ಮನಿ ಗಟ್ಟಿ ಐತ್ರಿ. ಕಿಟಕಿ ಅಷ್ಟ ಒಂದೂ ತೆರಿಯವಲ್ದು."

"ಪೇಂಟ್ ಹಿಡಕೊಂಡೈತ್ರಿ ಅದು" ಎಂದ ಅಣ್ಣ.

ಆಕೆಯ ಗಂಡ ಬೈಕಿನ ಕೀಲಿಯಿಂದ ಕಿಟಕಿಯ ಸಂದಿಯನ್ನು ಕೆರೆದ. ಕೆಂಪು ಪುಡಿ ಉದುರಿ ಅವನ ಬೂಟಿನ ಮೇಲೆ ಬಿತ್ತು. "ಪೇಂಟಲ್ರೀ, ಅದಿರು! ಎಲ್ಲಾ ಕಿಟಕೀದು ಕೆರದ್ರ ಒಂದು ಲೋಡ್ ಬೀಳ್ತೈತಿ. ಪರ್ಮಿಟ್ ಮಾಡ್ಸೀರೇನ್ರಿ ಇದಕ್ಕ?" ಎಂದು ನಕ್ಕ. ಅಣ್ಣನೂ ನಕ್ಕ. ನಾನೂ ನಕ್ಕಿರಬೇಕು.

ಅವನು ಹೇಳಿದ್ದು ತಮಾಷೆಗಾದರೂ ಸರಿಯಾಗಿಯೇ ಇತ್ತು. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಒಂದರ ಬೆನ್ನಿಗೊಂದು ಬರುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯ ಮುಂದಿನ ರಸ್ತೆಗೂ ಅವು ತಿರುಗಿದ್ದವು. ದೊಡ್ಡ ರಸ್ತೆಯಲ್ಲಿ ಸಾಲು ನಿಂತಾಗ ಒಳದಾರಿ ಹಿಡಿಯುತ್ತಿದ್ದವು. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು. ಇಡ್ಲಿ ಹಿಟ್ಟಿನ ಪಾತ್ರೆಗೆ ಎರಡು ಸುತ್ತು ಬಟ್ಟೆ ಕಟ್ಟಬೇಕಾಗುತ್ತಿತ್ತು. ಆ ಬೀದಿಯವರೆಲ್ಲ ಕಿಟಕಿ ಬಾಗಿಲುಗಳಿಗೆ ಕೆಂಗಂದು ಬಣ್ಣ ಬಳಿಸಿದರು. ಒರೆಸುವುದು ಹೇಗೂ ಮುಗಿಯದು, ಬಣ್ಣ ಅದೇ ಇದ್ದರೆ ಧೂಳು ಕಾಣುವುದಿಲ್ಲ ಎಂಬ ಉಪಾಯ. ಬಣ್ಣದ ಮೇಲೆ ಧೂಳು, ಧೂಳಿನ ಮೇಲೆ ಮಳೆ, ಮತ್ತೆ ಬಣ್ಣ. ಹಾಗೆ ಹಾಗೆ ಕದಗಳು ಚೌಕಟ್ಟಿಗೆ ಕಚ್ಚಿಕೊಂಡವು. ಕೋರ್ಟು ಗಣಿಗಾರಿಕೆ ತಡೆದು ಲಾರಿ ನಿಂತ ಮೇಲೆ ಬೀದಿಯವರು ಕೆರೆಸಿ ತೆರೆಸಿಕೊಂಡಿರಬೇಕು. ನಮ್ಮದು ಆಮೇಲೆ ಬಾಡಿಗೆಗೆ ಕೊಟ್ಟ ಮನೆ. ಹಾಗೇ ಉಳಿಯಿತು.

"ಕಿಟಕಿ ಬದಲಿ ಮಾಡ್ಸಿಕೊಡ್ರಿ. ನಮ್ಮದೇನೂ ತಕರಾರಿಲ್ಲ" ಎಂದಳು ಟೀಚರು. "ನಾವಽ ಮಾಡ್ಸಬಹುದು. ಆದ್ರ ಹಾಲು ಉಕ್ಕಿಸಿ ಒಳಗ ಬಂದ ಮ್ಯಾಲೆ ಒಂದು ವರ್ಷ ಗೋಡಿಗೆ ಕೈ ಹಚ್ಚಬಾರದಂತ ನಮ್ಮ ಮಾವಾರು. ಅದಕ್ಕ ನೀವಽ ಮಾಡ್ಸಿಬಿಟ್ರ ಚಲೋ."

ಅವರು ಹೋದ ಮೇಲೆ ಅಣ್ಣ ಜಗುಲಿಯ ಮೇಲೆ ಕುಳಿತ.

"ಹೋಗೋ ಮನಿಗೆ ಹೊಸಾ ಕಿಟಕಿ! ಹೆಣಕ್ಕ ಹೊಸಾ ಕನ್ನಡಕ ಹಾಕಿದಂಗ" ಎಂದ.

"ಅವ್ರು ತಗೊಳ್ಳೋರು, ಅಣ್ಣ. ಮತ್ತೊಬ್ರು ಯಾವಾಗ ಬರ್ತಾರೋ ಏನೋ. ನಮಗ ಕ್ವಾರ್ಟರ್ಸ್ ಬಿಡಬೇಕು."

"ಕ್ವಾರ್ಟರ್ಸ್ ಬಿಡಬೇಕಂತ ಇದ್ದಬದ್ದಾರಿಗೆಲ್ಲ ಕಿಟಕಿ ಹಾಕ್ಕೋತ ಕುಂದ್ರೂಣೇನು? ಒಬ್ಬಾಕಿ ಕಿಟಕಿ ಅಂತಾಳ, ನಾಳೆ ಬರಾವ ನೆಲ ಅಂತಾನ. ಹೆಂಗೈತಿ ಹಂಗ ಮಾರಿಬಿಡೂಣು."

"ಕಿಟಕಿ ಮುಚ್ಚಿದ ಮನಿ ಯಾರು ತಗೊಂತಾರ?" ಎಂದೆ. ಹಳೆಯ ಚೌಕಟ್ಟು ತೆಗೆಸಿ ಅಲ್ಯೂಮಿನಿಯಂ ಹಾಕಿಸುವುದು, ಸೊಳ್ಳೆ ಜಾಳಿಗೆಯನ್ನೂ ಸೇರಿಸುವುದು ಎಂದು ನಾನೇ ತೀರ್ಮಾನ ಮಾಡಿದೆ. ಅಣ್ಣ ಗೊಣಗುತ್ತ ಒಪ್ಪಿದ. ಈ ಮಾತು ಮುಂದೆ ಬೇಕಾಗುತ್ತದೆ: ಕಿಟಕಿ ಬದಲಾಯಿಸಬೇಕು ಎಂದವಳು ನಮ್ಮಿಬ್ಬರಲ್ಲಿ ಮೊದಲು ನಾನು.

ಮರುವಾರ ಅಲ್ಯೂಮಿನಿಯಂ ಕೆಲಸದವನು ಟೇಪು ಹಿಡಿದುಕೊಂಡು ಬಂದ. ಮಾತಿನ ಮಲ್ಲ. ಪ್ರತಿ ಕಿಟಕಿಯ ಅಳತೆ ಹಿಡಿಯುವಾಗಲೂ ಹಳೆಯ ಚೌಕಟ್ಟನ್ನು ಬೆರಳಿನಿಂದ ಬಡಿದು ನೋಡುತ್ತಿದ್ದ.

"ಸಾಗವಾನಿ ಐತ್ರಿ ಅಕ್ಕಾರ. ಹುಳ ಹಿಡದಿಲ್ಲ. ಇದನ್ನ ತಗಿಯಾಕ ನನಗಽ ಹೊಟ್ಟಿ ಉರಿತೈತಿ."

"ಹಂಗಾರ ಕೆರದು ಕೊಡ್ತೀರೇನು?"

"ಕೆರಿಯಾಕ ಕೂತ್ರ ನನ್ನ ಮಗಳ ಮದಿವಿಗೆ ಮುಗೀತದ. ಆಕಿ ಈಗ ಅಂಗನವಾಡ್ಯಾಗ ಅದಾಳ" ಎಂದು, ಕಿಸೆಯಿಂದ ಪೆನ್ಸಿಲ್ ತೆಗೆದು ಗೋಡೆಯ ಮೇಲೆಯೇ ಅಳತೆ ಬರೆದ. ಒಟ್ಟು ಏಳು ಕಿಟಕಿ. ಪಡಸಾಲೆಗೆ ಎರಡು, ಅಡುಗೆಮನೆಗೆ ಎರಡು, ನಡುಕೋಣೆಗೆ ಎರಡು, ರಸ್ತೆ ಕಡೆಯ ಕೋಣೆಗೆ ಒಂದು. ಆ ಒಂದು ಕಿಟಕಿ ಇದ್ದದ್ದು ಪಕ್ಕದ ಸಂದಿಗೆ. ರಸ್ತೆ ಕಡೆಯ ಕೋಣೆಯೇ ಅವ್ವ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕೊನೆಯವರೆಗೆ ಮಲಗಿದ್ದ ಕೋಣೆ.

ಏಳು ಎಂಬುದು ನನಗೆ ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ಟೀಚರಿನ ಮಾವನವರಿಗೆ.

ಮುಂಗಡ ಕೊಡುವ ಮೊದಲು ಹಿರಿಯರು ಒಮ್ಮೆ ನೋಡಲಿ ಎಂದು ಅವರನ್ನು ಕರೆತಂದಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಕೊಡೆ. ಅವರು ನೆಲ ನೋಡಲಿಲ್ಲ, ತಾರಸಿ ನೋಡಲಿಲ್ಲ. ಒಂದೊಂದೇ ಕೋಣೆಗೆ ಹೋಗಿ ಕೊಡೆಯ ತುದಿಯಿಂದ ತೋರಿಸುತ್ತ ಎಣಿಸಿದರು. ನಮ್ಮ ಕಡೆ ಮನೆಗೆ ಬಾಗಿಲೂ ಕಿಟಕಿಯೂ ಸಮಸಂಖ್ಯೆಯಲ್ಲಿ ಇರಬೇಕು ಎನ್ನುತ್ತಾರೆ. ನನಗೆ ಗೊತ್ತಿದ್ದ ಮಾತೇ, ಆದರೆ ನಮ್ಮ ಮನೆಯದನ್ನು ಎಂದೂ ಎಣಿಸಿರಲಿಲ್ಲ.

"ಬಾಗಲಾ ಆರು, ಸರಿ. ಕಿಟಕಿ ಏಳು ಹೆಂಗಾತು?" ಎಂದರು.

"ಅಷ್ಟಽ ಇರೋದ್ರಿ" ಎಂದೆ.

"ನಿಮ್ಮ ತಂದಿಯವರು ಲಿಂಗಪೂಜಿ ಮಾಡ್ತಿದ್ರೇನವ್ವಾ?"

"ಹೂಂನ್ರಿ."

"ಅಂಥಾವ್ರು ಏಳು ಇಟ್ಟು ಮನಿ ಕಟ್ಟಂಗಿಲ್ಲ. ಒಂದು ಎಲ್ಲೋ ಹೋಗೈತಿ, ಹುಡುಕ್ರಿ."

ರಸ್ತೆ ಕಡೆಯ ಕೋಣೆಗೆ ವಾಪಸು ಹೋಗಿ, ರಸ್ತೆಯ ಬದಿಯ ಗೋಡೆಯನ್ನು ಕೊಡೆಯಿಂದ ತಟ್ಟಿದರು. "ಇಲ್ಲೊಂದು ಇತ್ತೇನು?"

"ಇಲ್ರೀ. ಅಲ್ಲಿ ಕಿಟಕಿ ಇರ್ಲೇ ಇಲ್ಲ. ನಾನು ಇದಽ ಮನ್ಯಾಗ ಬೆಳದಾಕಿ" ಎಂದೆ. ಅಣ್ಣನ ಕಡೆ ನೋಡಿದೆ. ಅವನು ಮೊಬೈಲು ನೋಡುತ್ತಿದ್ದ.

ಮುದುಕರು ಚಪ್ಪಲಿ ಹಾಕಿಕೊಂಡು ರಸ್ತೆಗೆ ಇಳಿದರು. ಆಚೆ ಬದಿಯ ಚಹಾದಂಗಡಿಯ ಮುಂದೆ ನಿಂತು, ಅಲ್ಲಿಂದಲೇ ಕೊಡೆ ಎತ್ತಿ ತೋರಿಸಿ ಕೂಗಿದರು: "ಇಲ್ಲಿ ಬರ್ರವಾ! ಮಳಿಗೆ ನೆನಿಬಾರದಂತ ಗೋಡಿಗೆ ಕೊಡಿ ಹಿಡದಾರೇನು ನಿಮ್ಮ ತಂದಿ?"

ಹೋಗಿ ನೋಡಿದೆ. ಅವ್ವನ ಕೋಣೆಯ ಹೊರಗೋಡೆಯ ಮೇಲೆ ಒಂದು ಸಜ್ಜಾ ಇತ್ತು, ಉಳಿದ ಕಿಟಕಿಗಳ ತಲೆಯ ಮೇಲೆ ಇರುವಂಥದ್ದೇ. ಅದರ ಕೆಳಗೆ ಬರೀ ಗೋಡೆ. ಎಷ್ಟು ವರ್ಷ ಆ ರಸ್ತೆಯಲ್ಲಿ ಆಟೊ ಇಳಿದು, ಆ ಸಜ್ಜಾ ನೋಡುತ್ತ ನಡೆದು ಬಂದಿದ್ದೆ. ಚಹಾದಂಗಡಿಯವನು ನಕ್ಕು, "ಹೌದ್ರೀ ಅಕ್ಕಾ, ಅಲ್ಲಿ ಇತ್ತಲ್ಲ. ಅಮ್ಮಾರು ಅಲ್ಲಿಂದಽ ನಮ್ಮಪ್ಪಗ ಕೂಗ್ತಿದ್ರು, ಚಾ ಕೊಡಾಕ" ಎಂದ.

ನನಗೆ ಏನೂ ಅನಿಸಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು ಎಂಬುದು ಮಾತ್ರ ನೆನಪಿದೆ.

"ಏಳು ಇರೋ ಮನಿ ನಮಗ ಬ್ಯಾಡ" ಎಂದರು ಮುದುಕರು, ಸಿಟ್ಟಿಲ್ಲದೆ. "ಅದೊಂದು ತೆಗಸ್ರಿ. ಎಂಟಾದ್ರ ಆವತ್ತಽ ಮಾತು ಮುಗಸೂಣು."

ಅಂದು ಸಂಜೆ ಕ್ವಾರ್ಟರ್ಸಿಗೆ ಮರಳಿ ದಿನಚರಿಗಳ ಟ್ರಂಕು ತೆಗೆದೆ. ಅವ್ವನ ಕೊನೆಯ ಎರಡು ವರ್ಷಗಳ ಪುಸ್ತಕಗಳನ್ನು ಅಲ್ಲಿಯವರೆಗೆ ಓದಿರಲಿಲ್ಲ. ಬರೆದದ್ದನ್ನು ಓದುವ ರೂಢಿ ನನಗಿಲ್ಲ. ಬರೆದರೆ ಆಯಿತು, ಅದು ಅಲ್ಲಿ ಭದ್ರವಾಗಿದೆ ಎಂದುಕೊಂಡು ಮರೆಯುವುದು ಸುಲಭ.

ಒಂದು ಭಾನುವಾರದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ ಇಷ್ಟಿತ್ತು: "ಬೆಳಿಗ್ಗೆ ಅವ್ವನನ್ನು ಪಡಸಾಲೆಗೆ ಸಾಗಿಸಿದೆವು. ಗೌಂಡಿ ಬಂದ. ರಸ್ತೆ ಕಿಟಕಿ ಮಧ್ಯಾಹ್ನಕ್ಕೆ ಮುಚ್ಚಿ ಮುಗಿಯಿತು. ಇನ್ನು ಧೂಳಿಲ್ಲ, ಕೆಮ್ಮು ಕಡಿಮೆಯಾದೀತು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಬಸ್ಸು ಸಿಕ್ಕಿತು."

ನಾಲ್ಕೈದು ಸಲ ಓದಿದೆ. ಗೌಂಡಿಯ ಮುಖ ನೆನಪಾಗಲಿಲ್ಲ. ಇಟ್ಟಿಗೆ, ಸಿಮೆಂಟು, ಯಾವುದೂ ನೆನಪಾಗಲಿಲ್ಲ. ಆ ಸಾರು ಮಾತ್ರ ನೆನಪಾದಂತಾಯಿತು. ಅದೂ ಓದಿದ ಮೇಲೆ ಹುಟ್ಟಿಕೊಂಡದ್ದಿರಬಹುದು. 'ಸಾಗಿಸಿದೆವು' ಎಂದು ಬರೆದಿದ್ದೆ. ಅದಿರಿಗೆ ಹೇಳುವ ಮಾತನ್ನು ಅವ್ವನಿಗೆ ಹೇಳಿದ್ದೆ. ಅವ್ವ ಏನಾದರೂ ಅಂದಳೇ ಎಂಬುದು ಆ ಪುಟದಲ್ಲಿ ಇರಲಿಲ್ಲ, ಮುಂದಿನ ಪುಟದಲ್ಲೂ ಇರಲಿಲ್ಲ.

ಎಂ.ಎ. ಓದುವಾಗ ನಮ್ಮನ್ನು ಶಾಸನಗಳ ನಕಲು ತೆಗೆಯಲು ಹಂಪಿಗೆ ಕರೆದುಕೊಂಡು ಹೋಗಿದ್ದರು. ಕಲ್ಲಿಗೆ ಒದ್ದೆ ಕಾಗದ ಒತ್ತಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚುವ ಕೆಲಸ. ದಾನ ಕೊಟ್ಟವನ ಹೆಸರು, ಪಡೆದವನ ಹೆಸರು, ಎಲ್ಲೆಕಟ್ಟು ಎಲ್ಲವೂ ಸ್ಪಷ್ಟ. ಆ ಹೊಲದಲ್ಲಿ ಅದಕ್ಕೂ ಮೊದಲು ಉಳುತ್ತಿದ್ದವರು ಏನೆಂದರು ಎಂಬುದು ಯಾವ ಕಲ್ಲಿನಲ್ಲೂ ಇರಲಿಲ್ಲ. ಬರೆಸಿದವನಿಗೆ ಬೇಡವಾದದ್ದನ್ನು ಕಲ್ಲು ಹೇಳುವುದಿಲ್ಲ ಎಂದು ನಾನೇ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆ ತತ್ವ ನನ್ನ ಟ್ರಂಕಿಗೂ ಸೇರಿದ್ದು ಎಂದು ಆಗ ಹೊಳೆದಿರಲಿಲ್ಲ.

ಅಣ್ಣನಿಗೆ ಫೋನು ಮಾಡಿದೆ. "ಅಲ್ಲಿ ಕಿಟಕಿ ಇತ್ತಂತ. ನಿನಗ ಗೊತ್ತಿತ್ತೇನು?"

"ಗೊತ್ತಿಲ್ದ ಏನು? ನೀನು ಅವ್ರ ಮುಂದ ಇರ್ಲೇ ಇಲ್ಲ ಅಂದುಬಿಟ್ಟಿ. ನಿನ್ನ ಮಾತು ತಗದು ಹಾಕಬಾರದಂತ ಸುಮ್ಮನಿದ್ದೆ."

"ಮುಚ್ಚಿಸಿದ್ದು ಯಾರು?"

ಅವನ ಅಂಗಡಿಯಲ್ಲಿ ಯಾರೋ ಸೀರೆಯ ಅಂಚಿನ ಬಗ್ಗೆ ಚೌಕಾಸಿ ಮಾಡುತ್ತಿದ್ದರು. "ಡಾಕ್ಟ್ರು ಧೂಳು ಭಾಳ ಕೆಟ್ಟದ್ದಂದ್ರು. ನೀ ಗೌಂಡಿನ್ನ ಕರಸಿದಿ. ನಾ ಹೂಂ ಅಂದೆ. ಈಗ್ಯಾಕ ಅದೆಲ್ಲಾ? ತೆಗಸೂಣು. ಗ್ವಾಡಿ ಒಡದ್ರ ಮುಗೀತು."

ನಾನು ಆಗ ಅಂದದ್ದು: "ಬ್ಯಾಡ ಅಣ್ಣ. ಕಿಟಕಿ ಕೆಲಸಾನಽ ಬ್ಯಾಡ. ಹೆಂಗೈತಿ ಹಂಗ ಬೇರೆದೋರಿಗೆ ಮಾರೂಣು."

"ಲೇ, ಮೊನ್ನೆ ನೀನಽ ಅಲ್ಲ, ಮುಚ್ಚಿದ ಮನಿ ಯಾರು ತಗೊಂತಾರ ಅಂದಾಕಿ? ತಲಿ ಕೆಟ್ಟೈತೇನು? ಗಿರಾಕಿ ಕೈಗೆ ಬಂದೈತಿ."

ನಾನು ಕಾರಣಗಳನ್ನು ಕೊಟ್ಟೆ. ಗೋಡೆ ಒಡೆದರೆ ಬಿರುಕು ಬಿಡಬಹುದು, ಸಜ್ಜಾ ಹಳೆಯದು, ಟೈಮು ಸಾಲದು. ಎಲ್ಲವೂ ಬುದ್ಧಿವಂತಿಕೆಯ ಕಾರಣಗಳು. ಅಣ್ಣ ಕೇಳಿಸಿಕೊಂಡು, "ನಿನ್ನ ಗಂಡ ಮುಂದಿನ ತಿಂಗಳು ಎಲ್ಲಿ ಮಲಗ್ತಾನ, ಆ ಸಜ್ಜಾದ ಬುಡಕಽ?" ಎಂದ. ಎರಡು ವಾರ ಹಾಗೇ ಕಳೆದವು. ನಮ್ಮ ಕ್ವಾರ್ಟರ್ಸನ್ನು ಮುಂದೆ ಪಡೆಯಲಿದ್ದವರು ಒಂದು ದಿನ ಬಂದು, ಪರದೆಗೆಂದು ಕಿಟಕಿಗಳ ಅಳತೆ ತೆಗೆದುಕೊಂಡು ಹೋದರು. ಆ ಮೇಲೆ ಅಣ್ಣನಿಗೆ ಮೆಸೇಜು ಕಳಿಸಿದೆ. ಒಂದೇ ಪದ: ತೆಗೆಸು.

ಗೋಡೆ ಒಡೆದ ದಿನ ಅಣ್ಣ, ನಾನು, ಅಲ್ಯೂಮಿನಿಯಂನವನು, ಮತ್ತು ಅವನು ಕರೆತಂದ ಗೌಂಡಿ ಇದ್ದೆವು. ಗೌಂಡಿ ಒಳಗಡೆಯಿಂದ ಉಳಿ ಇಟ್ಟು ಹೊಡೆಯತೊಡಗಿದ. ಗೋಡೆಯ ಮೇಲಿನ ಗಿಲಾವು ಹಾಳೆಯಂತೆ ಸುಲಿಯಿತು. ಅದರ ಹಿಂದೆ ಮರದ ಕದಗಳು ಕಂಡವು. ನಿಂತು, ಬಗ್ಗಿ ನೋಡಿದ.

"ಯಾರ್ರೀ ಕಟ್ಟಿದಾವ? ಚೌಕಟ್ಟು ತಗದಽ ಇಲ್ಲ. ಕದ ಮುಚ್ಚಿ, ಹೊರಗಿಂದ ಇಟ್ಟಿಗಿ ಪೇರಿಸ್ಯಾನ. ಒಳಗ ಬರೇ ಜಾಳಿಗಿ ಬಡದು ಗಿಲಾವು ಮಾಡ್ಯಾನ."

"ಕೆಲಸಗಳ್ಳ" ಎಂದ ಅಲ್ಯೂಮಿನಿಯಂನವನು.

"ಕಳ್ಳ ಅಲ್ಲಪ್ಪಾ. ಮುಂದ ಯಾವಾಗರ ತೆಗಿಯೋದೈತಿ ಅಂತ ಹೇಳಿದ್ರ ಹಿಂಗ ಮಾಡ್ತೀವಿ ನಾವು. ಚೌಕಟ್ಟು ಕೆಡಬಾರದಂತ. ಇದು ಒಂದೆರಡು ವರ್ಷದ ಮಟ್ಟಿಗೆ ಮುಚ್ಚಿದ್ದು."

ಅಣ್ಣ ನನ್ನ ಕಡೆ ನೋಡಿದ. "ಹೌದು. ಲಾರಿ ನಿಂತ ಮ್ಯಾಲೆ ತೆಗಸೂಣು ಅಂತ ಇತ್ತು. ನೀನಽ ಅವಂಗ ಹೇಳಿದ್ದಿ" ಎಂದ. ನನಗೆ ಅದೂ ನೆನಪಿರಲಿಲ್ಲ. ಹಾಗೆ ಹೇಳಿದ್ದೆ ಎಂದು ತಿಳಿದು ಸಮಾಧಾನವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆಮೇಲೆ ಲೆಕ್ಕ ಹಾಕಿದೆ.

ಲಾರಿಗಳು ನಿಂತದ್ದು ನೆನಪಿನ ಮೇಲೆ ಬಿಡಬೇಕಾದ ಸಂಗತಿಯಲ್ಲ. ಅದು ದಿನಚರಿಯಲ್ಲಿ ಇದೆ, ಗಣಿಯ ಊರಿನವರಿಗೆ ಅದು ದೊಡ್ಡ ಸುದ್ದಿ. ಅವ್ವ ತೀರಿಕೊಂಡದ್ದೂ ಇದೆ. ಎರಡರ ನಡುವೆ ಏಳು ತಿಂಗಳು. ಆ ಏಳು ತಿಂಗಳು ರಸ್ತೆಯಲ್ಲಿ ಧೂಳಿರಲಿಲ್ಲ. ಅವ್ವ ಆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಮುರಿದ ಸೊಂಟದ ಬದಿಗೆ ಹೊರಳಲು ಅವಳಿಗೆ ಆಗುತ್ತಿರಲಿಲ್ಲ. ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಹಣ್ಣು ಒಯ್ಯುತ್ತಿದ್ದೆ, ತಲೆ ಬಾಚುತ್ತಿದ್ದೆ, ಹಾಸಿಗೆ ಬದಲಿಸುತ್ತಿದ್ದೆ. ಇಪ್ಪತ್ತೆಂಟೋ ಮೂವತ್ತೋ ಭಾನುವಾರಗಳು. ಕಿಟಕಿಯ ಮಾತು ಒಂದರಲ್ಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊರಗಿನ ಇಟ್ಟಿಗೆಗಳೂ ಹೋದವು. ಕದ ತೆರೆದಾಗ ಬೆಳಕು ಕೋಣೆಯೊಳಗೆ ಬಂತು. ನಡುವೆ ಐದು ಕಬ್ಬಿಣದ ಸರಳುಗಳು. ಅವಕ್ಕೆ ಹಸಿರು ಬಣ್ಣ, ಹಾಗಾದರೆ ನೀಲಿಯಲ್ಲ. ಮಂಚದ ಬದಿಗೆ ಬರುತ್ತಿದ್ದ ಸರಳಿನ ನಡುಮಟ್ಟದಲ್ಲಿ ಒಂದು ಗೇಣು ಬಣ್ಣ ಸವೆದು ಕಬ್ಬಿಣ ನುಣುಪಾಗಿತ್ತು. ಕೈ ಹಿಡಿದು ಹಿಡಿದು ಆದದ್ದಿರಬಹುದು. ಯಾವುದೋ ಬಟ್ಟೆಯ ಹಗ್ಗ ಕಟ್ಟಿದ್ದರೂ ಹಾಗಾಗುತ್ತದೆ. ಇದರಿಂದ ಏನನ್ನೂ ಸಾಬೀತು ಮಾಡಲಾಗದು ಎಂದು ನನಗೆ ನಾನೇ ಹೇಳಿಕೊಂಡೆ.

ಮಂಚ ಇದ್ದ ಜಾಗದಲ್ಲಿ ಒಂದು ಪೇಂಟಿನ ಡಬ್ಬಿ ಬೋರಲು ಹಾಕಿ ಕುಳಿತೆ. ಆ ಎತ್ತರದಿಂದ ಗುಡ್ಡ ಕಾಣುವುದಿಲ್ಲ, ಆಕಾಶಕ್ಕೆ ಸಜ್ಜಾ ಅಡ್ಡ. ಕಾಣುವುದು ಚಹಾದಂಗಡಿಯ ಒಲೆ, ಆಟೊ ನಿಲ್ಲುವ ಜಾಗ, ಇಳಿದು ಬರುವವರ ಸೊಂಟದ ಕೆಳಗಿನ ಭಾಗ. ಲಾರಿಗಳ ಕಾಲದಲ್ಲಿ ಅಲ್ಲಿಂದ ಬರೀ ಚಕ್ರಗಳು ಕಾಣುತ್ತಿದ್ದಿರಬೇಕು. ಆಗ ಒಂದು ಮಾತು ನೆನಪಾಯಿತು. ನಾನು ಒಳಗೆ ಕಾಲಿಡುತ್ತಲೇ ಅವ್ವ, "ಬಂದ್ಯಾ? ನಿಮ್ಮ ಗುಡ್ಡ ಮುಂಜಾನಿಂದ ನನ್ನ ಮುಂದಽ ಹೊಂಟೈತಿ ನೋಡು. ಇವತ್ತು ಅರ್ಧ ಹೋತು. ನಾಳೆ ನೀ ಬರಾಕ ಗುಡ್ಡನಽ ಇರಂಗಿಲ್ಲ" ಎಂದು ನಗುತ್ತಿದ್ದಳು. ಅವ್ವ ಅಂದದ್ದೋ, ಆಗ ಅವಳನ್ನು ನೋಡಿಕೊಳ್ಳಲು ಕಂಪ್ಲಿಯಿಂದ ಬಂದಿದ್ದ ಚಿಗವ್ವ ಅಂದದ್ದೋ ಖಾತ್ರಿಯಿಲ್ಲ. ಅಕ್ಕ ತಂಗಿಯರ ದನಿ ಒಂದೇ ಥರ.

"ಅಕ್ಕಾರ, ಇದಕ್ಕೂ ಸ್ಲೈಡಿಂಗಽ? ಚೌಕಟ್ಟು ಹೊಸದಿದ್ದಂಗ ಐತಿ. ಬೇಕಂದ್ರ ಇಟ್ಕೊಬಹುದು" ಎಂದ ಅಲ್ಯೂಮಿನಿಯಂನವನು.

"ಎಲ್ಲಾ ಒಂದಽ ಥರ ಇರ್ಲಿ" ಎಂದೆ. ಸರಳುಗಳು ಉಳಿದವುಗಳ ಜೊತೆ ಗುಜರಿಗೆ ಹೋದವು. ಒಂದನ್ನು ಇಟ್ಟುಕೊಳ್ಳಬೇಕಿತ್ತೇ ಎಂದು ಈಗ ಯೋಚಿಸುತ್ತೇನೆ. ಆಗ ಕೈಯೇ ಏಳಲಿಲ್ಲ. ದುಃಖದಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ದುಃಖ ಎಂಬಂಥದ್ದೇನೂ ಆಗ ಇರಲಿಲ್ಲ.

ವಾರದೊಳಗೆ ಎಂಟೂ ಕಿಟಕಿಗಳು ಕೂತವು. ಮುದುಕರು ಬಂದು ಕೊಡೆಯಿಂದ ಮತ್ತೆ ಎಣಿಸಿ, "ಈಗ ಮನಿ ಆತು" ಎಂದರು. ಟೀಚರು ಅವ್ವನ ಕೋಣೆಯ ಗಾಜು ಸರಿಸಿ, ಮುಚ್ಚಿ, ಮತ್ತೆ ಸರಿಸಿ ನೋಡಿದಳು. "ಗಾಳಿ ಏನ್ ಮಸ್ತ್ ಬರ್ತೈತ್ರಿ ಇಲ್ಲಿ. ಇದನ್ನ ಯಾಕ ಮುಚ್ಚಿಸಿದ್ರಿ?"

"ಆಗ ಧೂಳಿತ್ರೀ" ಎಂದೆ. ಮಾತು ಮುಗಿಯಿತು.

ಮನೆ ಮಾರಿದ ಸುದ್ದಿಯನ್ನು ಚಿಗವ್ವನಿಗೆ ಎದುರಿಗೇ ಹೇಳಬೇಕು ಎಂದು ಕಂಪ್ಲಿಗೆ ಹೋದೆ. ಅವ್ವನ ತಂಗಿ ಅವಳು. ಅವ್ವ ಬಿದ್ದ ದಿನದಿಂದ ಕಣ್ಣು ಮುಚ್ಚುವವರೆಗೆ ಹಗಲೂ ಇರುಳೂ ಆ ಕೋಣೆಯಲ್ಲಿ ಇದ್ದವಳು. ನಾನು, ಅಣ್ಣ ಭಾನುವಾರದವರು. ಅಂಗಳದ ಬಾವಿಕಟ್ಟೆಯ ಹತ್ತಿರ ಕುಳಿತು ಹತ್ತಿ ಹೊಸೆದು ದೀಪದ ಬತ್ತಿ ಮಾಡುತ್ತಿದ್ದಳು. ಕಣ್ಣು ಮಂಜಾಗಿವೆ, ಬೆರಳು ಚುರುಕಾಗಿವೆ.

"ಬಾರಬೇ, ಸಾವ್ಕಾರ್ತಿ! ಮನಿ ಮಾರಿ ಬಂದಿ ಅಂತ. ನನಗೊಂದು ಸೀರಿನರ ತಂದೀಯೋ, ಬರೇ ಕೈಲೆ ಬಂದೀಯೋ?"

"ತಂದೀನಿ. ಅಣ್ಣನ ಅಂಗಡೀದು."

"ಅವನ ಅಂಗಡ್ಯಾಗ ಹೋಗದ ಸೀರಿ ನನಗಽ ಬರ್ತಾವ, ಗೊತ್ತೈತಿ" ಎಂದು ನಕ್ಕು, ಸೀರೆಯ ಪೊಟ್ಟಣವನ್ನು ಬಿಚ್ಚದೆ ತೊಡೆಯ ಮೇಲೆ ಇಟ್ಟುಕೊಂಡಳು. ಯಾರು ತೆಗೆದುಕೊಂಡರು, ಎಂಥವರು ಎಂದು ಕೇಳಿದಳು. ಹೇಳಿದೆ. ಮುದುಕರು ಕಿಟಕಿ ಎಣಿಸಿದ್ದು ಹೇಳಿದೆ. ಕೊಡೆಯ ವಿಷಯಕ್ಕೆ ಚಿಗವ್ವ ಬಾಯ್ತುಂಬ ನಕ್ಕಳು. ಗೋಡೆ ಒಡೆಸಿ ಕಿಟಕಿ ತೆಗೆಸಿದೆವು ಎಂದಾಗ ನಗು ನಿಂತಿತು. ಬೆರಳು ಮಾತ್ರ ಹತ್ತಿಯನ್ನು ಹೊಸೆಯುತ್ತಲೇ ಇತ್ತು.

"ಈಗ ತೆಗಸಿದ್ರೇನು" ಎಂದಳು.

ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ. ನಾನು ಕೇಳಬೇಕೆಂದು ಬಂದದ್ದನ್ನು ಕೇಳಿದೆ. ಚಿಗವ್ವ ಬತ್ತಿಗಳನ್ನು ತಟ್ಟೆಯಲ್ಲಿ ಒಂದರ ಪಕ್ಕ ಒಂದು ಜೋಡಿಸಿ, "ಅನ್ನ ಆರ್ತೈತಿ, ಕೈ ತೊಳಕೋ" ಎಂದು ಎದ್ದು ಒಳಗೆ ಹೋದಳು. ಉಣ್ಣುವಾಗ ಅಣ್ಣನ ಮಕ್ಕಳ ವಿಷಯ ಮಾತಾಡಿದೆವು. ಹೊರಡುವಾಗ ಕುಂಕುಮ ಹಚ್ಚಿ, ಬಾಳೆಹಣ್ಣು ಕೊಟ್ಟು, ಬಸ್ ಸ್ಟ್ಯಾಂಡಿನವರೆಗೂ ಬಂದಳು. ಆಮೇಲೆ ಎರಡು ಸಲ ಫೋನು ಮಾಡಿದ್ದೇನೆ. ಚೆನ್ನಾಗಿ ಮಾತಾಡುತ್ತಾಳೆ. ಸೀರೆಯ ಬಣ್ಣ ಮಬ್ಬಾಯಿತು ಎಂದು ಬೈದಳು. ಆ ಮಾತಿಗೆ ಮಾತ್ರ ಬರುವುದಿಲ್ಲ. ನಾನೂ ಎರಡನೆಯ ಸಲ ಕೇಳಿಲ್ಲ.

ಅಂದು ನಾನು ಕೇಳಿದ್ದು ಇಷ್ಟೇ, ಬರೆದಿಟ್ಟಿದ್ದೇನೆ, ಇದೊಂದು ಮಾತ್ರ ತಪ್ಪಿರಲಾರದು: "ಲಾರಿ ನಿಂತ ಮ್ಯಾಲೆ ಅವ್ವ ಒಂದು ಸಲನರ ಆ ಕಿಟಕಿ ತೆಗಸ್ರಿ ಅಂತ ಅಂದಿದ್ಲೇನು, ಚಿಗವ್ವಾ?"